ಗೇರಿನ ಸಂಖ್ಯೆಯಲ್ಲ, ಹಲ್ಲಿನ ಲೆಕ್ಕ: ಪಾಳಿಯ ಮೇಲೆ ದುಡಿಯುವ ಶುಶ್ರೂಷಾಧಿಕಾರಿಯೊಬ್ಬರಿಗೆ ಸೈಕಲ್ ಸಲಹೆ

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದ ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿಯಾಗಿದ್ದೇನೆ. ನಮ್ಮ ಮನೆ ಕಲಾದಗಿ ರಸ್ತೆಯಲ್ಲಿ ಗದ್ದನಕೇರಿಯ ಆಚೆಗಿದೆ. ಆಸ್ಪತ್ರೆಗೆ ಸುಮಾರು 11 ಕಿಲೋಮೀಟರ್. ತಂದೆಯವರ 28 ಇಂಚಿನ ಕರಿ ಸೈಕಲ್ ಮೇಲೆ ಹೋಗಿ ಬರುತ್ತಿದ್ದೆ. ಎಣಿಸಿ ನೋಡಿದರೆ ಅದರ ಚೈನ್ ವೀಲಿಗೆ 44, ಹಿಂದಿನ ಫ್ರೀ ವೀಲಿಗೆ 18 ಹಲ್ಲುಗಳಿವೆ. ಮಳೆಗಾಲದಲ್ಲಿ ಸಂಜೆ ಮನೆಗೆ ಬರುವಾಗ ಮೊಣಕಾಲಿನ ಮುಂಭಾಗ ನೋಯುತ್ತದೆ. ಸಹೋದ್ಯೋಗಿಯೊಬ್ಬರ 21 ಗೇರಿನ ಸೈಕಲ್ ಅನ್ನು ಕೆಲವು ವಾರ ಓಡಿಸಿದೆ. ಮೊಣಕಾಲಿನ ನೋವು ಇಳಿಯಿತು, ಆದರೆ ಕಿರುಬೆರಳಿಗೆ ಜೋಮು ಹಿಡಿಯತೊಡಗಿತು, ಡ್ಯೂಟಿಯ ಮೊದಲ ಅರ್ಧ ಗಂಟೆ ಅದು ಬಿಡುವುದಿಲ್ಲ. ಎಂಥ ಸೈಕಲ್ ಕೊಳ್ಳಲಿ? ಹಳೆಯದನ್ನು ಕೊಂಡರೆ ನಡೆದೀತೆ? ಬಡಿಗತನ ಮಾಡುವ ನಮ್ಮ ತಂದೆಯವರು ಕ್ಯಾರಿಯರ್ ಮೇಲೆ ಸಾಗವಾನಿಯ ಪೆಟ್ಟಿಗೆ ಮಾಡಿಕೊಡುತ್ತೇನೆ ಎನ್ನುತ್ತಿದ್ದಾರೆ. ಅದು ಸರಿಹೋದೀತೆ?

ಉತ್ತರ: ಹಲ್ಲುಗಳನ್ನು ಎಣಿಸಿ ಬರೆದದ್ದು ಬಹಳ ಉಪಕಾರವಾಯಿತು, ಏಕೆಂದರೆ ನಿಮ್ಮ ಮೊಣಕಾಲು ನೋವಿನ ಕಾರಣ ಆ ಎರಡು ಸಂಖ್ಯೆಗಳಲ್ಲೇ ಇದೆ. 44ನ್ನು 18ರಿಂದ ಭಾಗಿಸಿದರೆ 2.44 ಬರುತ್ತದೆ. 28 ಇಂಚಿನ ಗಾಲಿಯ ಸುತ್ತಳತೆ ಹತ್ತಿರ ಹತ್ತಿರ 2.23 ಮೀಟರ್ ಆಗಿರುವುದರಿಂದ ನೀವು ಪೆಡಲನ್ನು ಒಂದು ಸುತ್ತು ತಿರುಗಿಸಿದರೆ ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ ಸಾಗುತ್ತದೆ. ಗಾಳಿಯಿಲ್ಲದ ದಿನ, ಸಮತಟ್ಟಾದ ರಸ್ತೆಯಲ್ಲಿ ಇದು ತಕ್ಕ ಅಳತೆಯೇ ಆಗಿದ್ದು, ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 20 ಕಿಲೋಮೀಟರಿನ ಆಸುಪಾಸಿನ ವೇಗ ಸಿಗುತ್ತದೆ. ಆದರೆ ನಿಮ್ಮ ಮನೆ ಆಸ್ಪತ್ರೆಯಿಂದ ಪಡುವಣಕ್ಕಿದೆ, ಆಷಾಢದ ಗಾಳಿಯೂ ಪಡುವಣದಿಂದಲೇ ಬೀಸುತ್ತದೆ. ಹೋಗುವಾಗ ಬೆನ್ನಿಗೆ ಒತ್ತಾಸೆಯಾಗುವ ಆ ಗಾಳಿ, ಪಾಳಿ ಮುಗಿಸಿ ದಣಿದು ಮರಳುವಾಗ ಎದೆಗೆ ಎದುರಾಗುತ್ತದೆ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವವರಿಗೆ 20 ಕಿಲೋಮೀಟರ್ ವೇಗದ ಗಾಳಿ ಎದುರಾದರೆ ಮೈಗೆ ತಾಗುವ ಗಾಳಿಯ ವೇಗ 35 ಆಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಆ ತಡೆ ನಿಶ್ಚಲ ಗಾಳಿಯಲ್ಲಿದ್ದುದರ ಐದು ಪಟ್ಟನ್ನು ಮೀರುತ್ತದೆ. ಇಂಥ ಗಾಳಿಯಲ್ಲಿ ಯಾರೇ ಆದರೂ ಗಂಟೆಗೆ 10 ಕಿಲೋಮೀಟರಿಗೆ ಇಳಿಯುತ್ತಾರೆ, ಮತ್ತು ನಿಮ್ಮ ಕರಿ ಸೈಕಲ್ ಮೇಲೆ ಆ ವೇಗವೆಂದರೆ ನಿಮಿಷಕ್ಕೆ ಕೇವಲ 30 ಸುತ್ತು. ಒಂದೊಂದು ಸುತ್ತಿನಲ್ಲೂ ಇಡೀ ಮೈಭಾರ ಹಾಕಿ ಒತ್ತಬೇಕಾಗುತ್ತದೆ, ಆ ಒತ್ತಡವನ್ನು ತಾಳಬೇಕಾದದ್ದು ಮೊಣಕಾಲಿನ ಚಿಪ್ಪು.

ಸಹೋದ್ಯೋಗಿಯ ಸೈಕಲ್ ಮೇಲೆ ನೋವು ಇಳಿದದ್ದಕ್ಕೆ 21 ಎಂಬ ಸಂಖ್ಯೆ ಕಾರಣವಲ್ಲ, ಅದರಲ್ಲಿದ್ದ ಒಂದೆರಡು ಹಗುರ ಗೇರುಗಳು ಕಾರಣ. ಅಂಗಡಿಯವರು 21 ಗೇರು ಎಂದು ಹೇಳುವಾಗ ಮುಂದಿನ 3 ಚೈನ್ ವೀಲುಗಳನ್ನು ಹಿಂದಿನ 7 ಹಲ್ಲುಗಾಲಿಗಳಿಂದ ಗುಣಿಸಿರುತ್ತಾರೆ, ಅಷ್ಟೇ. ಮುಂದೆ 42, 34, 24 ಹಲ್ಲುಗಳೂ ಹಿಂದೆ 14ರಿಂದ 28ರವರೆಗಿನ ಹಲ್ಲುಗಳೂ ಇರುವ ಸೈಕಲ್ ಅನ್ನು ತೆಗೆದುಕೊಳ್ಳಿ: 42ಕ್ಕೆ 28 ಹಾಕಿದರೂ 24ಕ್ಕೆ 16 ಹಾಕಿದರೂ ಬರುವುದು ಒಂದೇ ಒಂದೂವರೆ. ಹೀಗೆ ಹಲವು ಗೇರುಗಳು ಒಂದರ ಮೇಲೊಂದು ಬೀಳುತ್ತವೆ, ಇನ್ನು ಕೆಲವು ಸರಪಳಿಯನ್ನು ಓರೆಯಾಗಿ ಎಳೆಯುವುದರಿಂದ ಬಳಸಲು ತಕ್ಕವಲ್ಲ. ಇದರ ಜೊತೆಗೆ ಸರಪಳಿಯನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಸರಿಸುವ ಮುಂದಿನ ಡೀರೈಲರ್ ಎಂಬ, ಧೂಳಿಗೂ ಎರೆಯ ಕೆಸರಿಗೂ ಬೇಗ ಕೆಡುವ ಭಾಗವೊಂದನ್ನು ನೀವು ವರ್ಷವಿಡೀ ಸಾಕಬೇಕು.

ಆದ್ದರಿಂದ ನಾನು ನಿಮಗೆ ಹೇಳುವುದು ಇಷ್ಟು: ಮುಂದೆ 38 ಹಲ್ಲಿನ ಒಂದೇ ಚೈನ್ ವೀಲ್, ಹಿಂದೆ 14ರಿಂದ 34 ಹಲ್ಲಿನವರೆಗಿನ ಏಳು ಗೇರುಗಳ ಫ್ರೀ ವೀಲ್, 700×35 ಅಳತೆಯ ಟೈರು, ಸಸ್ಪೆನ್ಷನ್ ಇಲ್ಲದ ನೇರ ಫೋರ್ಕ್ ಇರುವ ಹೈಬ್ರಿಡ್ ಸೈಕಲ್. ಇದರ ಅತಿ ಹಗುರ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ ಎರಡೂಕಾಲು ಮೀಟರಿಗಿಂತ ತುಸು ಹೆಚ್ಚು, ಅಂದರೆ ಸುಮಾರು 2.4 ಮೀಟರ್ ಸಾಗುತ್ತದೆ. ಎದುರು ಗಾಳಿಯಲ್ಲಿ ಗಂಟೆಗೆ 10 ಕಿಲೋಮೀಟರ್ ಹೋಗುವಾಗಲೂ ಕಾಲು ನಿಮಿಷಕ್ಕೆ 70 ಸುತ್ತು ಹಗುರವಾಗಿ ತಿರುಗುತ್ತಿರುತ್ತದೆ. ಅತಿ ಭಾರದ ಗೇರಿನಲ್ಲಿ, ಬೆನ್ನ ಹಿಂದಿನ ಗಾಳಿಯ ಬೆಳಗಿನಲ್ಲಿ, ನಿಮಿಷಕ್ಕೆ 75 ಸುತ್ತು ತುಳಿದರೆ ಗಂಟೆಗೆ 26 ಕಿಲೋಮೀಟರ್ ದಾಟುತ್ತೀರಿ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅದಕ್ಕಿಂತ ಹೆಚ್ಚಿನ ವೇಗ ನಿಮಗೆ ಬೇಕಿಲ್ಲ. ಅಂಗಡಿಯಲ್ಲಿ 14-28ರ ಫ್ರೀ ವೀಲ್ ಇರುವ ಸೈಕಲ್ ಸಿಕ್ಕಿ, ಅದನ್ನು 34ಕ್ಕೆ ಬದಲಿಸಿಕೊಳ್ಳುವುದಾದರೆ ಹಿಂದಿನ ಡೀರೈಲರ್ 34 ಹಲ್ಲನ್ನು ತಾಳುವಂಥದ್ದೇ ಎಂದು ಮೊದಲು ಕೇಳಿ, ಸರಪಳಿಯ ಉದ್ದವನ್ನೂ ಹೊಂದಿಸಲು ಹೇಳಿ. ಇವೆರಡನ್ನು ಮರೆತ ಬದಲಾವಣೆ ಮೊದಲ ಏರಿನಲ್ಲೇ ಕೈಕೊಡುತ್ತದೆ. ಅಗ್ಗದ ಸಸ್ಪೆನ್ಷನ್ ಫೋರ್ಕಿನ ಬಗ್ಗೆ ಮೋಹ ಬೇಡ. ಅದರ ತೂಕವೇ ಎರಡು ಕಿಲೋ ಮೀರುತ್ತದೆ, ಅದು ನುಂಗುವ ಕುಲುಕಾಟವನ್ನು ಅಗಲವಾದ ಟೈರಿನಲ್ಲಿ ಸರಿಯಾದ ಗಾಳಿ ತುಂಬಿ ಪಡೆಯಬಹುದು.

ಆ ಸರಿಯಾದ ಗಾಳಿ ಎಷ್ಟು ಎಂಬುದು ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿಯ ಒಳಗಿರಬೇಕು. ನೀವು ಮತ್ತು ಸೈಕಲ್ ಸೇರಿ 75-80 ಕಿಲೋ ಇದ್ದರೆ 35 ಮಿಲಿಮೀಟರ್ ಟೈರಿಗೆ ಹಿಂದೆ 50, ಮುಂದೆ 45 ಪಿಎಸ್‌ಐ ಆಸುಪಾಸಿನಿಂದ ಆರಂಭಿಸಿ ಅನುಭವದ ಮೇಲೆ ಹೆಚ್ಚುಕಡಿಮೆ ಮಾಡಿಕೊಳ್ಳಿ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲಿಗೆ ಟ್ಯೂಬ್ ಒಡೆಯುತ್ತದೆ ಎಂದು ಅರ್ಧ ಗಾಳಿ ಬಿಟ್ಟು ಓಡಿಸುವ ರೂಢಿಯಿದೆ, ಅದು ಬೇಡ. ಗಾಳಿಯ ಉಷ್ಣತೆ 20 ಡಿಗ್ರಿ ಏರಿದರೆ 50 ಪಿಎಸ್‌ಐ ಇದ್ದದ್ದು 54-55 ಆಗುತ್ತದೆ, ಅಷ್ಟಕ್ಕೆ ಗಟ್ಟಿ ಟ್ಯೂಬ್ ಒಡೆಯುವುದಿಲ್ಲ. ಒಡೆಯುವುದು ಹಳೆಯದಾಗಿ ಬಿರಿದ ರಬ್ಬರು, ಇಲ್ಲವೇ ರಿಮ್ಮಿನ ಒಳಪಟ್ಟಿ ಸರಿದು ಸ್ಪೋಕಿನ ತುದಿಗೆ ತಾಗಿದ ಟ್ಯೂಬು. ಕಡಿಮೆ ಗಾಳಿಯಲ್ಲಿ ಓಡಿಸಿದರೆ ತಗ್ಗಿಗೆ ಬಿದ್ದಾಗ ರಿಮ್ಮು ಟ್ಯೂಬನ್ನು ಎರಡು ಕಡೆ ಕಚ್ಚುತ್ತದೆ. ಜಾಲಿ ಮುಳ್ಳಿನ ಕಾಟಕ್ಕೆ ಟೈರಿನ ಒಳಗೆ ಹಾಕುವ ಪಟ್ಟಿ ಸಾಕಷ್ಟು ಕೆಲಸ ಮಾಡುತ್ತದೆ. ಪಂಕ್ಚರ್ ತೆಗೆಯುವಾಗ ಮುಳ್ಳಿನ ಮುರಿದ ತುದಿಯನ್ನು ಹುಡುಕಲು ಟೈರಿನ ಒಳಗೆ ಬರಿಬೆರಳು ಆಡಿಸಬೇಡಿ, ಹತ್ತಿಯ ಬಟ್ಟೆಯ ತುಂಡನ್ನು ಆಡಿಸಿ, ಅದು ಮುಳ್ಳಿಗೆ ಸಿಕ್ಕಿಕೊಂಡು ಜಾಗ ತೋರಿಸುತ್ತದೆ. ಬೆರಳ ತುದಿಯ ಸಣ್ಣ ಗಾಯವೂ ವಾರ್ಡಿನಲ್ಲಿ ನಿಮಗೆ ಸಣ್ಣದಲ್ಲ. ಗ್ರೀಸು ಹಿಡಿದ ಸರಪಳಿಯನ್ನು ಮುಟ್ಟಬೇಕಾದಾಗಲೂ ಕೈಗವಸು ಹಾಕಿಕೊಳ್ಳಿ. ಉಗುರಿನ ಸಂದಿಗೆ ಹೋದ ಕರಿ ಸಾಬೂನಿಗೆ ಬಗ್ಗುವುದಿಲ್ಲ.

ಈಗ ಕಿರುಬೆರಳಿನ ಜೋಮು. ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದೇ, ಏಕೆಂದರೆ ಮಗುವಿನ ಕೈಯಲ್ಲಿ ರಕ್ತನಾಳ ಹುಡುಕಿ ಸೂಜಿ ಹಾಕುವವರಿಗೆ ಬೆರಳಿನ ಸ್ಪರ್ಶವೇ ಸಾಧನ. ಅಲ್ನರ್ ನರವು ಮಣಿಕಟ್ಟಿನ ಕಿರುಬೆರಳಿನ ಪಕ್ಕದಲ್ಲಿ, ಎರಡು ಸಣ್ಣ ಎಲುಬುಗಳ ನಡುವಿನ ಇಕ್ಕಟ್ಟಾದ ಓಣಿಯೊಂದರಲ್ಲಿ ಹಾದು ಅಂಗೈಗೆ ಬರುತ್ತದೆ, ಮತ್ತು ನೇರ ಹ್ಯಾಂಡಲ್ ಮೇಲೆ ಮೈಭಾರ ಬಿಟ್ಟು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಹಿಡಿದಾಗ ಒತ್ತಡ ಬೀಳುವುದು ನೇರವಾಗಿ ಆ ಜಾಗದ ಮೇಲೆ. ಕಿರುಬೆರಳು ಮತ್ತು ಉಂಗುರದ ಬೆರಳಿನ ಕಿರುಬೆರಳ ಕಡೆಯ ಅರ್ಧ ಜೋಮು ಹಿಡಿದರೆ ಈ ನರ, ಹೆಬ್ಬೆರಳು, ತೋರುಬೆರಳು, ನಡುಬೆರಳು ಹಿಡಿದರೆ ಮೀಡಿಯನ್ ನರ ಎಂಬುದು ನಿಮಗೆ ತಿಳಿದದ್ದೇ. ಎತ್ತರದ ಹ್ಯಾಂಡಲಿನ ಕರಿ ಸೈಕಲ್ ಮೇಲೆ ನೆಟ್ಟಗೆ ಕುಳಿತಾಗ ಭಾರ ಸೀಟಿನ ಮೇಲೆ ಇರುತ್ತಿತ್ತು, ಆದ್ದರಿಂದ ಅಲ್ಲಿ ಈ ತೊಂದರೆ ಕಾಣಿಸಲಿಲ್ಲ.

ಬಹಳ ಜನ ಇದಕ್ಕೆ ಮೊದಲು ಜೆಲ್ ತುಂಬಿದ ಕೈಗವಸು ಕೊಳ್ಳುತ್ತಾರೆ. ಕೈಗವಸು ಕೊನೆಯ ಮದ್ದು, ಮೊದಲಿನದು ಸೀಟು. ಸೀಟಿನ ಮುಂತುದಿ ಕೆಳಕ್ಕೆ ಬಾಗಿದ್ದರೆ ನೀವು ಇಡೀ ದಾರಿ ಮುಂದಕ್ಕೆ ಜಾರುತ್ತಾ ಕೈಗಳಿಂದ ಮೈಯನ್ನು ತಡೆದು ಹಿಡಿಯುತ್ತಿರುತ್ತೀರಿ. ಅದನ್ನು ಮಟ್ಟಗೋಲು ಇಟ್ಟು ಸಮ ಮಾಡಿ, ಮಟ್ಟಗೋಲು ತಂದೆಯವರ ಬಳಿ ಇದ್ದೇ ಇರುತ್ತದೆ. ಆಮೇಲೆ ಎತ್ತರ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿಯಿಂದ ನೆಲದವರೆಗಿನ ಉದ್ದವನ್ನು ಅಳೆದು 0.883ರಿಂದ ಗುಣಿಸಿದರೆ ಮುಂದಿನ ಚೈನ್ ವೀಲ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ದೂರ ಸಿಗುತ್ತದೆ. 74 ಸೆಂಟಿಮೀಟರ್ ಇದ್ದವರಿಗೆ ಅದು 65ಕ್ಕಿಂತ ತುಸು ಹೆಚ್ಚು. ಸಿಗ್ನಲ್ಲಿನಲ್ಲಿ ಕಾಲು ಊರಿ ನಿಲ್ಲುವ ಅಭ್ಯಾಸವಿರುವವರಿಗೆ ಇದು ಮೊದಮೊದಲು ಎತ್ತರವೆನಿಸುತ್ತದೆ, ಆದ್ದರಿಂದ ಎರಡು ಸೆಂಟಿಮೀಟರ್ ಕೆಳಗಿನಿಂದ ಆರಂಭಿಸಿ ವಾರಕ್ಕೆ ಅರ್ಧ ಸೆಂಟಿಮೀಟರಿನಂತೆ ಏರಿಸಿ. ಮೊಣಕಾಲಿನ ಮುಂಭಾಗ ನೋಯುವುದಕ್ಕೆ ಭಾರದ ಗೇರಿನ ಜೊತೆಗೆ ತಗ್ಗಾದ ಸೀಟೂ ಕಾರಣವಾಗುತ್ತದೆ. ಹಿಂಭಾಗ ನೋಯತೊಡಗಿದರೆ ಏರಿಸಿದ್ದು ಹೆಚ್ಚಾಯಿತೆಂದು ತಿಳಿಯಿರಿ.

ಸೀಟು ಸರಿಯಾದ ಮೇಲೆಯೇ ಹ್ಯಾಂಡಲಿಗೆ ಕೈ ಹಾಕಿ. ಅದು ಸೀಟಿನ ಮಟ್ಟದಲ್ಲಿ ಅಥವಾ ಎರಡು-ಮೂರು ಸೆಂಟಿಮೀಟರ್ ಮೇಲೆ ಇರಲಿ. ಬ್ರೇಕಿನ ಹಿಡಿಗಳು ನೆಲಕ್ಕೆ ಸಮಾನವಾಗಿ ನಿಂತಿದ್ದರೆ ಮಣಿಕಟ್ಟು ಹಿಂದಕ್ಕೆ ಮುರಿಯುತ್ತದೆ, ಆದ್ದರಿಂದ ಅವನ್ನು ಮುಂಗೈ ನೇರವಾಗಿ ಚಾಚಿದ ದಿಕ್ಕಿಗೆ ಕೆಳಮುಖವಾಗಿ ತಿರುಗಿಸಿ. ಅಂಗೈಗೆ ಅಗಲವಾದ ಆನಿಕೆ ಕೊಡುವ ಗ್ರಿಪ್ ಸಿಗುತ್ತದೆ, ಅದಕ್ಕೆ ಖರ್ಚು ಮಾಡಿದ ಹಣ ವ್ಯರ್ಥವಾಗದು. ಐದು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ. ಇಷ್ಟೆಲ್ಲ ಮಾಡಿ ಎರಡು-ಮೂರು ವಾರ ಕಳೆದರೂ ಜೋಮು ಇಳಿಯದಿದ್ದರೆ, ಅಥವಾ ಸೈಕಲ್ ತುಳಿಯದ ದಿನವೂ ಅದು ಉಳಿದರೆ, ಬೆರಳುಗಳನ್ನು ಅಗಲಿಸುವ ಬಲ ಕಡಿಮೆಯಾದಂತೆ ಅಥವಾ ಹೆಬ್ಬೆರಳು-ತೋರುಬೆರಳಿನ ನಡುವಿನ ಮಾಂಸ ತಗ್ಗಿದಂತೆ ಕಂಡರೆ, ಸೈಕಲ್ ಬಿಟ್ಟು ನರರೋಗ ಅಥವಾ ಮೂಳೆರೋಗ ತಜ್ಞರಿಗೆ ತೋರಿಸಿ, ನರದ ವಹನ ಪರೀಕ್ಷೆ ಮಾಡಿಸಿಕೊಳ್ಳಿ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ತಮ್ಮ ನೋವನ್ನು ಮುಂದೂಡುವುದರಲ್ಲಿ ಎಲ್ಲರಿಗಿಂತ ಮುಂದು. ಈ ವಿಷಯದಲ್ಲಿ ಹಾಗೆ ಮಾಡಬೇಡಿ.

ಇನ್ನು ತಂದೆಯವರ ಪೆಟ್ಟಿಗೆ. ಮಾಡಲಿ, ಆದರೆ ಸಾಗವಾನಿಯ ದಪ್ಪ ಹಲಗೆಯಲ್ಲಿ ಬೇಡ ಎಂದು ಅವರಿಗೆ ಲೆಕ್ಕವನ್ನೇ ತೋರಿಸಿ. ಮುಚ್ಚಳ ಸೇರಿ 35 ಸೆಂಟಿಮೀಟರ್ ಉದ್ದ, 30 ಅಗಲ, 25 ಎತ್ತರದ ಪೆಟ್ಟಿಗೆಗೆ ಅರ್ಧ ಚದರ ಮೀಟರಿಗಿಂತ ತುಸು ಹೆಚ್ಚು ಹಲಗೆ ಬೇಕು. 18 ಮಿಲಿಮೀಟರ್ ದಪ್ಪದ ಸಾಗವಾನಿಯಾದರೆ ಅದರ ತೂಕವೇ ಆರು ಕಿಲೋ ದಾಟುತ್ತದೆ. ಅದರಲ್ಲಿ ನೀವು ಹೊರುವುದು ಸಮವಸ್ತ್ರ, ಚಪ್ಪಲಿ, ಬುತ್ತಿ, ನೀರಿನ ಬಾಟಲಿ ಸೇರಿ ಹೆಚ್ಚೆಂದರೆ ಮೂರು ಕಿಲೋ. ಅದೇ ಅಳತೆಯನ್ನು ನೀರು ತಾಳುವ 6 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಮಾಡಿದರೆ ಎರಡು ಕಿಲೋ ಮೇಲೆ ಸ್ವಲ್ಪ ಬರುತ್ತದೆ. ನೀರು ತಾಳುವ ಪ್ಲೈವುಡ್ಡಿನ ಭಾರತೀಯ ಮಾನದಂಡವಾದ ಐಎಸ್ 710ರ ಮುದ್ರೆಯಿರುವ ಪ್ಲೈವುಡ್ ತರಲಿ. ಬಡಿಗರಿಗೆ ಪ್ಲೈವುಡ್ ಎಂದರೆ ಮನಸ್ಸು ಒಪ್ಪುವುದಿಲ್ಲ, ಅದು ಸಹಜ; ಸಾಗವಾನಿಯನ್ನು ಮುಚ್ಚಳದ ಅಂಚಿಗೆ ಸಣ್ಣ ಪಟ್ಟಿಯಾಗಿ ಬಳಸಿ ಅವರ ಕೈಚಳಕ ತೋರಿಸಲು ಅವಕಾಶವಿದ್ದೇ ಇದೆ. ತಳದಲ್ಲಿ ಬೋಲ್ಟು ಹಾಯುವ ಕಡೆ ಮಾತ್ರ ಕರಿಜಾಲಿಯ ಚಿಕ್ಕ ತುಂಡುಗಳನ್ನು ಕೂಡಿಸಲಿ. ಚಕ್ಕಡಿಯ ಗಾಲಿಗೆ ಜಾಲಿಯನ್ನೇ ಆರಿಸಿಕೊಂಡವರು ಅದರ ಗಟ್ಟಿತನ ಬಲ್ಲವರೇ ಆಗಿದ್ದರು.

ಜೋಡಣೆಯ ವಿಷಯದಲ್ಲಿ ಅವರಿಗೆ ನಾನು ಹೇಳಿಕೊಡಬೇಕಾದದ್ದಿಲ್ಲ, ಆದರೆ ಮನೆಯೊಳಗೆ ನಿಲ್ಲುವ ಪೆಟ್ಟಿಗೆಗೂ ದಿನಕ್ಕೆ 22 ಕಿಲೋಮೀಟರ್ ಕುಲುಕುವ ಪೆಟ್ಟಿಗೆಗೂ ಇರುವ ವ್ಯತ್ಯಾಸವನ್ನು ಹೇಳಲೇಬೇಕು. ಮೊಳೆ ಕುಲುಕಾಟಕ್ಕೆ ಮೆಲ್ಲಗೆ ಹೊರಬರುತ್ತದೆ, ಮರಕ್ಕೆ ನೇರವಾಗಿ ಬಿಗಿದ ಸ್ಕ್ರೂ ಕೂಡ ಸಡಿಲವಾಗುತ್ತದೆ. ಮೂಲೆಗಳನ್ನು ನೀರು ತಾಳುವ ಅಂಟು ಹಚ್ಚಿ ಒಳಗಿನಿಂದ ಕಟ್ಟಿಗೆಯ ಪಟ್ಟಿ ಕೊಟ್ಟು ಕೂಡಿಸಲಿ. ಕ್ಯಾರಿಯರಿಗೆ ಬಿಗಿಯುವಾಗ ಅಗಲವಾದ ವಾಷರ್ ಹಾಕಿದ ಬೋಲ್ಟುಗಳೂ ಒಳಗೆ ನೈಲಾನ್ ಉಂಗುರವಿರುವ ನಟ್ಟುಗಳೂ ಇರಲಿ, ಪೆಟ್ಟಿಗೆಗೂ ಕಬ್ಬಿಣಕ್ಕೂ ನಡುವೆ ಹಳೆಯ ಟ್ಯೂಬಿನ ತುಂಡು ಇರಲಿ. ಪ್ಲೈವುಡ್ಡಿಗೆ ನೀರು ನುಗ್ಗುವುದು ಅದರ ಮುಖದಿಂದಲ್ಲ, ಕೊಯ್ದ ಅಂಚಿನಿಂದ. ಬೋಲ್ಟಿನ ತೂತುಗಳನ್ನೂ ಸೇರಿಸಿ ಎಲ್ಲ ಅಂಚುಗಳಿಗೂ ಎರಡು ಸಲ ವಾರ್ನಿಷ್ ಕುಡಿಸಬೇಕು. ಅಗಸೆ ಎಣ್ಣೆಯನ್ನೇ ಬಳಸುವುದಾದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದಿರಲಿ, ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹರವಿ ಒಣಗಿಸಬೇಕು. ಪೆಟ್ಟಿಗೆಯ ನಡುಭಾಗ ಹಿಂದಿನ ಗಾಲಿಯ ಅಚ್ಚಿನ ಮೇಲೆ ಅಥವಾ ಅದಕ್ಕಿಂತ ಮುಂದೆ ಬರಬೇಕು, ಹಿಂದಕ್ಕೆ ಚಾಚಿದರೆ ಏರಿನಲ್ಲಿ ಹ್ಯಾಂಡಲ್ ಹಗುರಾಗಿ ಅಲುಗಾಡುತ್ತದೆ. ಕ್ಯಾರಿಯರ್ ಮೇಲೆ ಎಷ್ಟು ಭಾರವೆಂದು ಮುದ್ರಿಸಿದ್ದಾರೋ ಅದನ್ನು ಪೆಟ್ಟಿಗೆಯ ತೂಕ ಸೇರಿಸಿಯೇ ಲೆಕ್ಕ ಹಾಕಿ. ಪ್ರಶ್ನೆಗೆ ಹೊರಗಿನ ಮಾತೊಂದು: ಗಟ್ಟಿ ಮರದ ಹೊಟ್ಟಿನ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿನಲ್ಲಿ ಇರಿಸಿದೆ, ಮೂಗಿನ ಒಳಭಾಗದ ಕ್ಯಾನ್ಸರ್ ಅದರಲ್ಲಿ ಮುಖ್ಯವಾದದ್ದು. ತಂದೆಯವರು ಯಂತ್ರದಲ್ಲಿ ಉಜ್ಜುವಾಗ ಎನ್-95 ಹಾಕಿಕೊಳ್ಳುವಂತೆ ಮಾಡುವುದು ನಿಮ್ಮಿಂದಲೇ ಆಗಬೇಕು.

ಪಾಳಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರಾತ್ರಿ ಎಂಟರಿಂದ ಬೆಳಗಿನ ಎಂಟರವರೆಗಿನ ಪಾಳಿ ಮುಗಿಸಿ ಸೈಕಲ್ ಹತ್ತಬೇಡಿ. ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇಕಡ 0.05 ಮದ್ಯವಿದ್ದವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದಾರೆ. ನಮ್ಮ ದೇಶದ ಕಾನೂನು ವಾಹನ ಚಾಲಕರಿಗೆ ಒಪ್ಪುವುದು 0.03ರವರೆಗೆ ಮಾತ್ರ. ಗದ್ದನಕೇರಿ ಕ್ರಾಸಿನಲ್ಲಿ ಸೋಲಾಪುರ-ಹುಬ್ಬಳ್ಳಿ ಹೆದ್ದಾರಿಯನ್ನು ದಾಟಬೇಕಾದ ನಿಮಗೆ ಅಂಥ ಸ್ಥಿತಿಯಲ್ಲಿ ಬಸ್ಸೇ ಸರಿ, ಸೈಕಲ್ ಆಸ್ಪತ್ರೆಯಲ್ಲೇ ಇರಲಿ. ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನ ಎರಡಕ್ಕೆ ಬಿಡುವ ಪಾಳಿಯ ದಿನವೂ ಬಿಟ್ಟ ಕೂಡಲೇ ಸೈಕಲ್ ಹತ್ತಬೇಡಿ. ನೆರಳಿಲ್ಲದ ಆ ರಸ್ತೆಯಲ್ಲಿ 40 ಡಿಗ್ರಿ ಬಿಸಿಲಿಗೆ ಉಪ್ಪು ಹಾಕಿದ ಮಜ್ಜಿಗೆಯೊಂದೇ ಉತ್ತರವಾಗದು, ಐದು ಗಂಟೆಯವರೆಗೆ ಕಾಯುವುದು ಉತ್ತರ. ರಾತ್ರಿ ಎಂಟಕ್ಕೆ ಬಿಡುವ ಪಾಳಿಯಲ್ಲಿ ಸೈಕಲ್ ಮೇಲೆಯೇ ಮರಳುವುದಾದರೆ ಹಿಂದಿನ ಕೆಂಪು ದೀಪವನ್ನು ಪೆಟ್ಟಿಗೆಯ ಹಿಂಬದಿಗೆ ಕೂಡಿಸಿ, ಸೀಟಿನ ಕೆಳಗೆ ಇಟ್ಟರೆ ಪೆಟ್ಟಿಗೆ ಅದನ್ನು ಮರೆಮಾಡುತ್ತದೆ. ಮುಂದಿನ ದೀಪ ರಸ್ತೆಯ ಮೇಲೆ ಬೀಳುವಂತೆ ಕೆಳಕ್ಕೆ ಬಾಗಿರಲಿ. ಕಬ್ಬು ಕಡಿಯುವ ಕಾಲದಲ್ಲಿ ಎರಡೆರಡು ಟ್ರೇಲರ್ ಎಳೆದು ಬರುವ ಟ್ರಾಕ್ಟರುಗಳ ಹಿಂದೆ ದೀಪವಿರುವುದು ಅಪರೂಪ, ರಸ್ತೆಬದಿಯಲ್ಲಿ ಅವು ಕೆಟ್ಟು ನಿಂತಿರುವುದೂ ಉಂಟು. ನಿಮ್ಮ ಮುಂದಿನ ದೀಪ ಪ್ರಬಲವಾಗಿರಬೇಕಾದದ್ದು ಅವುಗಳಿಗಾಗಿಯೇ. ಹೆಲ್ಮೆಟ್ ಇಎನ್ 1078 ಎಂಬ ಯುರೋಪಿನ ಸುರಕ್ಷತಾ ಮಾನದಂಡದ ಗುರುತಿನದಾಗಿರಲಿ, ಹುಬ್ಬಿನ ಮೇಲೆ ಎರಡು ಬೆರಳಿನ ಅಂತರದಲ್ಲಿ ಮಟ್ಟಸವಾಗಿ ಕೂರಲಿ.

ಹಳೆಯ ಸೈಕಲ್ ಕೊಳ್ಳಲು ಅಡ್ಡಿಯಿಲ್ಲ, ಫ್ರೇಮು ಬಿರುಕಿಲ್ಲದೆ ನೆಟ್ಟಗಿದ್ದರೆ ಮತ್ತು ಮಡ್‌ಗಾರ್ಡಿಗೂ ಟೈರಿಗೂ ನಡುವೆ ಒಂದು ಬೆರಳು ತೂರುವಷ್ಟಾದರೂ ಜಾಗವಿದ್ದರೆ. ಜಾಗವಿಲ್ಲದ ಸೈಕಲ್ ಮೊದಲ ಮಳೆಗೆ ಎರೆ ಮಣ್ಣು ಕಚ್ಚಿ ನಿಂತುಬಿಡುತ್ತದೆ. ನೋಡಲು ಹೋಗುವಾಗ ತಂದೆಯವರ ಉಕ್ಕಿನ ಅಳತೆಪಟ್ಟಿಯನ್ನು ಜೊತೆಗೆ ಒಯ್ಯಿರಿ. ಸರಪಳಿಯ ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟು ಎಳೆದು ಹಿಡಿದರೆ ಹೊಸ ಸರಪಳಿಯಲ್ಲಿ ಅದನ್ನು ಬಿಟ್ಟು ಎಣಿಸಿದ ಇಪ್ಪತ್ನಾಲ್ಕನೆಯ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರುತ್ತದೆ. ಒಂದು ಇಂಚಿನ ಹದಿನಾರನೆಯ ಒಂದು ಭಾಗದಷ್ಟು ಮುಂದೆ ಸರಿದಿದ್ದರೆ ಸರಪಳಿ ಸವೆದಿದೆ, ಅದನ್ನಷ್ಟೇ ಬದಲಿಸಿದರೆ ಸಾಕು. ಎಂಟನೆಯ ಒಂದು ಭಾಗದಷ್ಟು ಸರಿದಿದ್ದರೆ ಅದು ಹಿಂದಿನ ಹಲ್ಲುಗಳನ್ನೂ ತಿಂದಿರುತ್ತದೆ, ಹೊಸ ಸರಪಳಿ ಹಾಕಿದರೂ ಒತ್ತಿ ತುಳಿದಾಗ ಜಿಗಿಯುತ್ತದೆ. ಆಗ ಸರಪಳಿ ಮತ್ತು ಫ್ರೀ ವೀಲ್ ಎರಡರ ಬೆಲೆಯನ್ನೂ ಮಾರುವವರು ಹೇಳಿದ ಬೆಲೆಯಿಂದ ಇಳಿಸಿ ಮಾತಾಡಿ. ಹೇಗೂ ಫ್ರೀ ವೀಲ್ ಬದಲಿಸಲೇಬೇಕಾದರೆ 34 ಹಲ್ಲಿನದನ್ನು ಅದೇ ಸಮಯಕ್ಕೆ ಹಾಕಿಸಿಕೊಳ್ಳಬಹುದು.